ಮರಿ ಇಳಿದಾವ, ಚಿಗರಿ

ಬೀದರ
೯ ಜನವರಿ ೧೯೫೧

ಪ್ರೀತಿಯ ಪುತಳಕ್ಕನಿಗೆ,

ತಮ್ಮ ಹಣಮಂತ ಮಾಡುವ ನಮಸ್ಕಾರ. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯಬೇಕು. ಎಲ್ಲರೂ ಎಂದರೆ ನಾನು ಮತ್ತು ನಮ್ಮ ಕುದುರೆ ಚಿಗರಿ, ಇಬ್ಬರೇ. ಅವಳು ಕ್ಷೇಮ. ಹೊತ್ತು ಹೊತ್ತಿಗೆ ಹುರುಳಿ ತಿಂದು ಮೈ ಮಿರಮಿರ ಮಿಂಚುತ್ತಿದೆ. ನನ್ನ ಸುದ್ದಿಯನ್ನು ಸ್ವಲ್ಪ ಸಮಾಧಾನದಿಂದ ಓದು.

ನಾನು ಬೀದರಕ್ಕೆ ಯಾಕೆ ಬಂದೆ ಎಂದು ಅಪ್ಪ ಹೇಳಿ ಕಳಿಸಿರಬಹುದು, ಆದರೆ ಅಪ್ಪನ ಬಾಯಲ್ಲಿ ಸುದ್ದಿ ಯಾವಾಗಲೂ ಅರ್ಧವೇ ಬರುತ್ತದೆ. ಕುದುರೆ ಪೊಲೀಸರ ದಳಕ್ಕೆ ಹೊಸ ಸವಾರರನ್ನು ತೆಗೆದುಕೊಳ್ಳುತ್ತಿದ್ದಾರೆ. ಕುದುರೆ ಸಮೇತ ಬಂದವರಿಗೆ ಮೊದಲ ಅವಕಾಶ. ಅದಕ್ಕೆ ಮುಂದಿನ ವಾರ ಒಂದು ಮುಕಾಬಲಾ, ಅಂದರೆ ಸ್ಪರ್ಧೆ, ಇಟ್ಟಿದ್ದಾರೆ. ಹೊಸಬರಿಗಾಗಿ, ಎಲ್ಲಕ್ಕಿಂತ ಕೆಳಗಿನ ದರ್ಜೆಯದು. ಮೂರು ದಿನವೂ ಅದೇ ಸವಾರ, ಅದೇ ಕುದುರೆ. ಮೊದಲ ದಿನ ಮೈದಾನದಲ್ಲಿ ಸುಣ್ಣದ ಗೆರೆ ಎಳೆದ ಚೌಕದೊಳಗೆ ಹೇಳಿದ ಕಡೆ ನಡೆಯಬೇಕು, ಹೇಳಿದ ಕಡೆ ತಿರುಗಬೇಕು, ನಿಲ್ಲೆಂದಾಗ ನಿಲ್ಲಬೇಕು. ಎರಡನೆಯ ದಿನ ಕೋಟೆಯ ಕೆಳಗಿನ ಬಯಲಿನಲ್ಲಿ ಹಳ್ಳ, ತಗ್ಗು, ಕಲ್ಲಿನ ಒಡ್ಡು ಎಲ್ಲ ಹಾರಿಕೊಂಡು ಓಡಬೇಕು. ಮೂರನೆಯ ದಿನ ಮತ್ತೆ ಮೈದಾನಕ್ಕೆ ಬಂದು, ಬಣ್ಣ ಬಳಿದ ಗಳಗಳನ್ನು ಬೀಳಿಸದೆ ಜಿಗಿಯಬೇಕು. ಗಳ ಏನೂ ಬಹಳ ಎತ್ತರವಿಲ್ಲ. ನನ್ನ ಮೊಣಕಾಲಿಗಿಂತ ತುಸು ಮೇಲೆ ಬರುತ್ತದೆ.

ಮೊದಲ ದಿನದ್ದರಲ್ಲಿ ಚಿಗರಿಯನ್ನು ಮೀರಿಸುವವರು ಇಲ್ಲಿ ಯಾರೂ ಇಲ್ಲ. ತುಂಬಿದ ತಂಬಿಗೆಯನ್ನು ಬೆನ್ನ ಮೇಲೆ ಇಟ್ಟರೂ ತುಳುಕದ ಹಾಗೆ ನಡೆಯುತ್ತಾಳೆ. ನಮಗೆ ಕಲಿಸುವವರು ಶರಫೋದ್ದೀನ ಉಸ್ತಾದರು, ಹಳೆಯ ಕುದುರೆ ದಂಡಿನ ರಿಸಾಲೆಯಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡವರು. ನಿಜಾಮರ ಕಾಲದಲ್ಲಿ ಹೇಗೆ ಬೈಯುತ್ತಿದ್ದರೋ ಈ ಸರಕಾರದಲ್ಲೂ ಹಾಗೆಯೇ ಬೈಯುತ್ತಾರಂತೆ. ಅವಳ ನಡಿಗೆಗೆ ಮಾತ್ರ ಅವರು ಒಂದು ಬೈಗುಳವನ್ನೂ ಹಾಕಲಿಲ್ಲ. ಅವರ ಮಟ್ಟಿಗೆ ಅದೇ ಹೊಗಳಿಕೆ.

ಫಜೀತಿ ಇರುವುದು ಜಿಗಿಯುವುದರಲ್ಲಿ. ಚಿಗರಿ ಎಂದು ಜಿಂಕೆಯ ಹೆಸರಿಟ್ಟವಳು ನೀನು. ಕಾಡಿನ ಚಿಗರಿ ಇವಳನ್ನು ನೋಡಿದರೆ ನಾಚಿಕೊಂಡೀತು. ಗಳದ ತನಕ ಓಡಿ ಬರುತ್ತಾಳೆ, ನಿಲ್ಲುತ್ತಾಳೆ, ಮೂಗು ಇಳಿಸಿ ನೋಡುತ್ತಾಳೆ, ಆಮೇಲೆ ಒಂದೊಂದೇ ಕಾಲು ಎತ್ತಿ ದಾಟುತ್ತಾಳೆ, ಮೊಣಕಾಲು ನೋವಿನ ಮುದುಕಿ ಹೊಸ್ತಿಲು ದಾಟಿದ ಹಾಗೆ. ಜೊತೆಯವರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಒಡ್ಡಿನ ಮುಂದೆ ನಿಂತರೆ ಅಲ್ಲಾಡುವುದೇ ಇಲ್ಲ. ಹಿಮ್ಮಡಿ ಒತ್ತಿದೆ, ಬೇಡಿಕೊಂಡೆ, ಬೈದೆ. ಮೊನ್ನೆ ಚಾಬೂಕಿನಿಂದ ಹೊಡೆದೆ ಅಕ್ಕ. ಹೊಡೆದರೆ ಬೇರೆ ಕುದುರೆಗಳು ಚಿಮ್ಮುತ್ತವೆ. ಇವಳು ಕಿವಿ ಹಿಂದಕ್ಕೆ ಮಾಡಿ ಇನ್ನೂ ಮೆಲ್ಲಗೆ ಹೆಜ್ಜೆ ಇಟ್ಟಳು. ನನಗೆ ಅಳು ಬಂತು, ಅವಳ ಮೇಲೋ ನನ್ನ ಮೇಲೋ ಗೊತ್ತಾಗಲಿಲ್ಲ.

ಉಸ್ತಾದರು ಹತ್ತಿರ ಬಂದು ಚಾಬೂಕು ಕಸಿದುಕೊಂಡರು. "ಹಣಮಂತಾ, ಈ ಘೋಡಿ ಅಂಜತಿಲ್ಲೋ. ಏನೋ ಹೊತಗೊಂಡ ಹೊಂಟದ. ಅದೇನಂತ ನೀನೇ ನೆನಪ ಮಾಡ್ಕೊ, ನನಗ ಹ್ಯಾಂಗ ಗೊತ್ತಾಗಬೇಕು" ಎಂದರು.

ಜೀನು, ಚೀಲ ಎಲ್ಲ ಬಿಚ್ಚಿ ಬರಿ ಬೆನ್ನಿನ ಮೇಲೆ ಕೂತು ನೋಡಿದೆ. ಅದೇ ಒಡ್ಡನ್ನು ಹಾರಿಬಿಟ್ಟಳು. ನಾನೇ ಬೀಳುವುದರಲ್ಲಿದ್ದೆ. ಮತ್ತೆ ಜೀನು ಹಾಕಿ, ಎರಡೂ ಬದಿಗೆ ಚರ್ಮದ ಚೀಲ ತೂಗಬಿಟ್ಟೆ. ಮತ್ತೆ ಮುದುಕಿಯಾದಳು. ಆ ಚೀಲಗಳಿಲ್ಲದೆ ಮುಕಾಬಲೆಗೆ ಬಿಡುವುದಿಲ್ಲ. ಸಿಪಾಯಿಯ ಸಾಮಾನು ಹೊತ್ತುಕೊಂಡೇ ಓಡಬೇಕು ಎಂದು ಹುಕುಂ.

ಆಗ ನನಗೆ ಹೊಳೆಯಿತು. ಇದು ನೀನೇ ಕಲಿಸಿದ ಪಾಠ. ಕುರಿ ಮುಂದೆ ಹೊಡೆದುಕೊಂಡು ಊರೂರು ತಿರುಗುವಾಗ, ದಾರಿಯಲ್ಲಿ ಈದ ಮರಿಗಳನ್ನು ನೀನು ಕಂಬಳಿ ಜೋಳಿಗೆಯಲ್ಲಿ ಹಾಕಿ ಅವಳ ಬೆನ್ನಿಗೆ ಅಡ್ಡ ಇಳಿಬಿಡುತ್ತಿದ್ದೆ. ಈ ಕಡೆ ಎರಡು, ಆ ಕಡೆ ಎರಡು, ತಲೆ ಮಾತ್ರ ಹೊರಗೆ. ಒಮ್ಮೆ ಅವಳು ತಗ್ಗು ಜಿಗಿದಾಗ ಒಂದು ಮರಿ ಬಿದ್ದು ಕಾಲು ಮುರಿಯಿತು. ಆ ದಿನ ನೀನು ಅವಳ ಮುಖವನ್ನೇ ನೋಡಲಿಲ್ಲ. ಬೆನ್ನಿಗೆ ಜೋಳಿಗೆ ಇದ್ದಾಗ ಅವಳು ಜಿಗಿದದ್ದು ಅದೇ ಕೊನೆ.

ನಿಜಾಮರ ರಾಜ್ಯಕ್ಕೆ ದಂಡು ನುಗ್ಗಿ, ಪೊಲೀಸ್ ಆಕ್ಷನ್ ಆಗಿ ಗಲಾಟೆ ಎದ್ದ ವಾರವೂ ಅವಳು ಜಿಗಿಯಲಿಲ್ಲ. ನೀನು ಬಾಣಂತನಕ್ಕೆ ತವರಿಗೆ, ಜನವಾಡಕ್ಕೆ ಬಂದಿದ್ದೆ. ಮಡ್ಯಾ ಇನ್ನೂ ಹಸುಗೂಸು. ಅವನನ್ನು ಆ ಜೋಳಿಗೆಯಲ್ಲೇ ಕಟ್ಟಿ, ತುಂಬಿದ ಮಾಂಜ್ರಾ ದಾಟಿಸಿ ನಿನ್ನನ್ನು ಔರಾದಕ್ಕೆ ಮುಟ್ಟಿಸಿದೆವು. ನೀರು ಅವಳ ಎದೆಗೆ ಹತ್ತಿತ್ತು. ಕೂಸಿಗೆ ಎಚ್ಚರವಾಗಲಿಲ್ಲ. ತಿರುಗಿ ಬಂದರೆ ಕುರಿ ಇರಲಿಲ್ಲ. ಯಾರು ಹೊಡೆದುಕೊಂಡು ಹೋದರು ಎಂದು ಕೇಳಿದರೆ ಇವರು ಅವರನ್ನು ತೋರಿಸುತ್ತಾರೆ, ಅವರು ಇವರನ್ನು ತೋರಿಸುತ್ತಾರೆ. ಅಪ್ಪ ಕೇಳುವುದನ್ನೇ ಬಿಟ್ಟ.

ಅಪ್ಪ ಈಗ ಮನ್ನಳ್ಳಿಯಲ್ಲಿ ಬೇರೆಯವರ ಕುರಿ ಕಾಯುತ್ತಾನೆ, ನಿನಗೆ ಗೊತ್ತಿಲ್ಲ. ಹೇಳಬೇಡ ಎಂದಿದ್ದ. ಊರಿಗೆಲ್ಲ ಅಪ್ಪನ ಹೆಸರು ಹಿಡಿದು ಧೊಂಡಿಬಾನ ಹಿಂಡು ಎಂದು ತೋರಿಸುತ್ತಿದ್ದವರು ಈಗ ಅವನನ್ನು "ಏ ಮುದುಕಾ, ಕುರಿ ಹೊಲಕ್ಕ ಹೊಕ್ಕಾವ ನೋಡು" ಎಂದು ಕೂಗುತ್ತಾರೆ. ನನಗೆ ಈ ಕೆಲಸ ಸಿಕ್ಕರೆ ಅವನನ್ನು ಮನೆಗೆ ಕರೆತರುತ್ತೇನೆ. ಸಿಗದಿದ್ದರೆ ನಾನೂ ಅವನ ಜೊತೆ ಹೋಗಿ ಅದೇ ಹಿಂಡಿನ ಹಿಂದೆ ನಿಲ್ಲಬೇಕು. ಭಾಲ್ಕಿಯ ಸಾಲೆಯಲ್ಲಿ ಕಲಿತದ್ದೆಲ್ಲ ಈ ಕಾಗದ ಬರೆಯುವುದಕ್ಕಷ್ಟೇ ಬಂತು.

ಬಿಡಾರ ಮುಟ್ಟಿ ಮರಿ ಇಳಿಸಿದ ಮೇಲೆ ನೀನು ಖಾಲಿ ಜೋಳಿಗೆಯನ್ನು ಅವಳ ಮೂಗಿಗೆ ಹಿಡಿಯುತ್ತಿದ್ದೆ. "ಮರಿ ಇಳಿದಾವ, ಚಿಗರಿ" ಎಂದು ಕುತ್ತಿಗೆ ತಟ್ಟುತ್ತಿದ್ದೆ. ಆಮೇಲೆ ಜೋಳಿಗೆ ಬೆನ್ನ ಮೇಲೆಯೇ ಇದ್ದರೂ ಅವಳು ಬೇಲಿ ಹಾರಿ ಓಡುತ್ತಿದ್ದಳು. ನಾನು ಚರ್ಮದ ಚೀಲ ಹಿಡಿದು ಅದೇ ಮಾತು ಹೇಳಿದೆ. ಅವಳು ಮೂಸಿ ಸೀನಿದಳು. ನಂಬಲಿಲ್ಲ.

ಆ ಜೋಳಿಗೆ ನಿನ್ನಲ್ಲಿದೆ. ಮಡ್ಯಾ ಅದನ್ನು ಹಾಸಿಕೊಳ್ಳದೆ ಮಲಗುವುದಿಲ್ಲ ಎಂದೂ ಗೊತ್ತು. ಒಂದು ವಾರದ ಮಟ್ಟಿಗೆ ಕೊಡಿಸು. ಚರ್ಮದ ಚೀಲಗಳ ಕೆಳಗೆ ಹಾಕಿಕೊಳ್ಳಲು ಉಸ್ತಾದರು ಒಪ್ಪಿದ್ದಾರೆ. ತೊಳೆಯಬೇಡ, ಹಾಗೆಯೇ ಕಳಿಸು. ಈ ಕಾಗದ ತರುವ ಚಾಂದ ಪಾಶಾ ನಿಮ್ಮೂರಿನ ಬಸ್ಸು ನಡೆಸುವವನು, ಅವನ ಕೈಯಲ್ಲೇ ಕೊಡು. ನನ್ನಿಂದ ಇನ್ನೇನೂ ಆಗುವ ಹಾಗಿಲ್ಲ.

ನಿನ್ನ ತಮ್ಮ,
ಹಣಮಂತ

ತಾ.ಕ.: ಗೆದ್ದರೆ ಚಿಗರಿಯನ್ನು ನೋಡಲು ಮಡ್ಯಾನನ್ನು ಕರೆದುಕೊಂಡು ನೀನೇ ಒಮ್ಮೆ ಬೀದರಕ್ಕೆ ಬಂದು ಹೋಗು. ಬೇಗ ಬಂದರೆ ಒಳ್ಳೆಯದು.


ಔರಾದ
೧೨ ಜನವರಿ ೧೯೫೧

ಹಣಮಂತನಿಗೆ,

ಅಕ್ಕ ಪುತಳಾಬಾಯಿ ಮಾಡುವ ಆಶೀರ್ವಾದ. ನನ್ನ ಅಕ್ಷರ ಸೊಟ್ಟಗಿದ್ದರೆ ನಗಬೇಡ. ಭಾಲ್ಕಿಯಿಂದ ರಜೆಗೆ ಬಂದು, ಬಂಡೆಯ ಮೇಲೆ ಇದ್ದಿಲಲ್ಲಿ ಬರೆದು ಕಲಿಸಿದವನು ನೀನು. ಬಂಡೆ ಸೊಟ್ಟಗಿತ್ತು.

ನೀನು ಚಿಗರಿಯನ್ನು ಹೊಡೆದದ್ದು ಓದಿ ಊಟ ಬಿಟ್ಟೆ ಎಂದು ತಿಳಿದುಕೊಳ್ಳಬೇಡ. ಊಟ ಮಾಡಿದೆ, ಕೈ ತೊಳೆದೆ, ಆಮೇಲೆ ನಿನಗೆ ಬಾಯಿಗೆ ಬಂದಂತೆ ಬೈದೆ. ಅವಳು ಹುಟ್ಟಿದ ವಾರಕ್ಕೇ ತಾಯಿ ಸತ್ತಾಗ ಆಡಿನ ಹಾಲಿನಲ್ಲಿ ಬೆರಳು ಅದ್ದಿ ಕುಡಿಸಿದವಳು ನಾನು. ನೀನು ಆಗ ಆ ಹಾಲನ್ನೂ ಕದ್ದು ಕುಡಿಯುತ್ತಿದ್ದೆ.

ಅಪ್ಪನ ಸುದ್ದಿಯನ್ನು ನನ್ನಿಂದ ಮುಚ್ಚಿಟ್ಟಿರಿ. ಇರಲಿ. ನನಗೆ ಹೇಳಿದ್ದರೆ ನಾನೇನು ಮಾಡುತ್ತಿದ್ದೆ? ಇಲ್ಲಿ ಕೂತು ಅಳುತ್ತಿದ್ದೆ. ಈಗಲೂ ಅದನ್ನೇ ಮಾಡಿದೆ. ನಾನೇ ಬೀದರಕ್ಕೆ ಬಂದು ಅವಳ ಪಕ್ಕ ನಿಂತರೆ ಎಲ್ಲ ಸರಿಯಾಗುತ್ತದೆ ಎಂದು ಅತ್ತೆ ಸಖುಬಾಯಿಯವರನ್ನು ಕೇಳಿದೆ. "ತೊಗರಿ ರಾಶಿ ಬಿಟ್ಟು ಕುದರಿ ನೋಡ್ಲಿಕ್ಕ ಹೋಗ್ತೀ ಏನವಾ? ನಿನ್ನ ಗಂಡ ಒಬ್ಬಾವ ಎಷ್ಟಂತ ಮಾಡ್ಯಾನು" ಎಂದರು. ಅವರು ಹೇಳಿದ್ದೂ ಸುಳ್ಳಲ್ಲ. ಕಣದಲ್ಲಿ ಕೆಲಸ ಸೊಂಟದ ತನಕ ಬಿದ್ದಿದೆ.

ನೀನು ಚಿಕ್ಕಂದಿನಿಂದ ಎಲ್ಲವನ್ನೂ ನೋಡುತ್ತೀ, ಆದರೆ ಅರ್ಧ ನೋಡುತ್ತೀ. ಜೋಳಿಗೆಗೆ ಎರಡು ಬಾಯಿ. ಎರಡೂ ಕಡೆ ಮರಿ ಇರುತ್ತಿದ್ದವು. ನೀನು ಒಂದೇ ಚೀಲವನ್ನು ಮೂಗಿಗೆ ಹಿಡಿದಿರಬೇಕು. ಒಂದು ಕಡೆಯದನ್ನು ಮೂಸಿದರೆ ಇನ್ನೊಂದು ಕಡೆಯ ಮರಿಯ ಚಿಂತೆ ಅವಳಿಗೆ ಉಳಿದೇ ಉಳಿಯುತ್ತದೆ. ಮೊದಲು ಎಡಗಡೆ, ಆಮೇಲೆ ಬಲಗಡೆ ತೋರಿಸಬೇಕು. ಅವಸರ ಮಾಡಬಾರದು. ಅವಳು ಎರಡನ್ನೂ ಮೂಸಿ ಮುಖ ಎತ್ತಿದ ಮೇಲೆ ಮಾತು ಹೇಳಬೇಕು.

ಆದರೆ ಒಂದು ಎಡವಟ್ಟಾಗಿದೆ. ತೊಳೆಯಬೇಡ ಎಂದು ನೀನು ಬರೆದಿದ್ದೆ. ನಾನು ಕಣದಿಂದ ಬರುವುದರೊಳಗೆ ಅತ್ತೆ ಅದನ್ನು ತೊಳೆದು ಬೇಲಿಯ ಮೇಲೆ ಹರವಿಬಿಟ್ಟಿದ್ದರು. "ಸರಕಾರದವರ ಮುಂದ ಇಂಥಾ ಹೊಲಸು ಅರಬಿ ಇಟ್ಟರ ಮಂದಿ ಏನಂದಾರು" ಎಂದರು. ಅವರಿಗೆ ಏನು ಹೇಳಲಿ? ಈಗ ಅದರಲ್ಲಿ ಅಂಟವಾಳದ ವಾಸನೆ ಬಿಟ್ಟರೆ ಬೇರೇನೂ ಇಲ್ಲ. ಚಿಗರಿ ಗುರುತು ಹಿಡಿಯುತ್ತಾಳೋ ಇಲ್ಲವೋ. ಹಿಡಿಯದಿದ್ದರೆ ನಮ್ಮ ಹಣೆಬರಹ ಎಂದು ತಿಳಿದುಕೋ. ಅವಳನ್ನು ಕರೆದುಕೊಂಡು ಸುಮ್ಮನೆ ಊರಿಗೆ ಬಾ. ಅಪ್ಪನಿಗೆ ಬೇರೆ ಏನಾದರೂ ದಾರಿ ಹುಡುಕೋಣ.

ಮಡ್ಯಾ ಚೆನ್ನಾಗಿದ್ದಾನೆ. ಕಡ್ಡಿಯ ಮೇಲೆ ಕಾಲು ಹಾಕಿಕೊಂಡು ಕುದುರೆ ಸವಾರಿ ಮಾಡುತ್ತಾನೆ. ದೊಡ್ಡವನಾದ ಮೇಲೆ ಚಿಗರಿಯನ್ನು ಅವನಿಗೆ ಕೊಡುತ್ತೇನೆ ಎಂದು ನೀನೇ ಹೇಳಿದ್ದೀಯಂತೆ. ದಿನಾ ಕೇಳುತ್ತಾನೆ.

ನಿನ್ನ ಅಕ್ಕ,
ಪುತಳಾ

ತಾ.ಕ.: ನಿನ್ನೆ ಬಸ್ಸಿಗೆ ಕೊಡಲಿಲ್ಲ. ಇಂದು ಕಾಗದ ಬಿಚ್ಚಿ ಮತ್ತೆ ಬರೆಯುತ್ತಿದ್ದೇನೆ. ಅತ್ತೆಯ ಹೆಸರು ಸುಮ್ಮನೆ ತಂದೆ, ಅವರಿಗೆ ಜೋಳಿಗೆಯ ವಿಷಯವೇ ಗೊತ್ತಿಲ್ಲ. ತೊಳೆದವಳು ನಾನು. ನಿನ್ನ ಕಾಗದ ಕೊಡುವಾಗಲೇ ಚಾಂದ ಪಾಶಾ ಹೇಳಿದ್ದ: "ಗೆದ್ದ ಕುದರಿಗಿ ಗೊರಸಿನ ಮ್ಯಾಲ ನಂಬರ ಸುಡತಾರವಾ. ಆಮ್ಯಾಲ ಅದು ಸರಕಾರದ್ದು. ಇಂದ ಬೀದರ, ನಾಳಿ ಹೈದರಾಬಾದ. ಯಾರ ಕೂಡತಾರೋ ಯಾರಿಗೆ ಗೊತ್ತು." ನೀನು ಅದೊಂದನ್ನೇ ಬರೆಯಲಿಲ್ಲ. ನನಗೆ ಸಿಟ್ಟು ಬಂತು. ಒಂದು ಚೂರು ವಾಸನೆಯೂ ಉಳಿಯಬಾರದು ಎಂದು ಕಲ್ಲಿಗೆ ಬಡಿದು ಬಡಿದು ತೊಳೆದೆ. ಅವಳು ಜಿಗಿಯದೆ ಮನೆಗೆ ಬರಲಿ ಎಂದು.

ರಾತ್ರಿ ಮಡ್ಯಾ ಆ ಜೋಳಿಗೆಯನ್ನು ಮೂಸಿ ನೋಡಿ ದೂರ ತಳ್ಳಿದ. ಹಾಸಿಕೊಳ್ಳಲಿಲ್ಲ. ಅಪ್ಪ ಬೇರೆಯವರ ಹಿಂಡಿನ ಹಿಂದೆ ನಡೆಯುವುದೇ ಕಣ್ಣ ಮುಂದೆ ಬರತೊಡಗಿತು. ಪಕ್ಕದ ಜನಾಬಾಯಿಯ ಎರಡು ಕುರಿ ಮೊನ್ನೆ ಈದಿವೆ. ಬೆಳಿಗ್ಗೆ ಎದ್ದು ಆ ಮರಿಗಳನ್ನು ಬೇಡಿ ತಂದು, ಎರಡೂ ಬದಿಗೆ ಒಂದೊಂದು ಹಾಕಿ, ಜೋಳಿಗೆಯನ್ನು ದಿನವಿಡೀ ಕಣದ ಮೇಟಿಗೆ ತೂಗುಹಾಕಿದೆ. ಹಾಲಿಗೆ ಮಾತ್ರ ಇಳಿಸಿದೆ. ಈಗ ಅದು ಮೊದಲಿನ ಹಾಗೆಯೇ ನಾರುತ್ತಿದೆ. ನಾಳೆ ಚಾಂದ ಪಾಶಾನ ಕೈಗೆ ಕೊಡುತ್ತೇನೆ.

ಎಡಗಡೆ ಮೊದಲು, ಆಮೇಲೆ ಬಲಗಡೆ. ಅವಳು ಜಿಗಿಯುತ್ತಾಳೆ. ಇದನ್ನು ನಾನು ಕಳಿಸಿದೆ ಎಂದು ಮಾತ್ರ ಅವಳಿಗೆ ಹೇಳಬೇಡ.