ರಾಜೀವಿಯ ಜನನ ದಾಖಲೆಯಲ್ಲಿ ಮಾವನ ಹೆಸರು

ಆಂಟಾಪ್ ಹಿಲ್, ಮುಂಬಯಿ
೪-೬-೧೯೫೪

ಪೂಜ್ಯ ಚೆನ್ನಯ ಮಾವನಿಗೆ ದೂಜನ ನಮಸ್ಕಾರ.

ಮೂರು ದಿನ ವಾರ್ಡ್ ಆಫೀಸಿಗೆ ಅಲೆದ ಮೇಲೆ ಇಂದು ತಂಗಿ ರಾಜೀವಿಯ ಜನನ ದಾಖಲೆ ಸಿಕ್ಕಿತು. ಕೆಂಪು ಬಟ್ಟೆ ಸುತ್ತಿದ ಆ ರಿಜಿಸ್ಟರನ್ನು ಇಬ್ಬರು ಜವಾನರು ಹೊತ್ತು ತಂದರು. ೧೯೩೪ರ ಪುಟದಲ್ಲಿ ತಾಯಿ ಶೀಲಾವತಿ ಎಂದು ಸರಿಯಾಗಿಯೇ ಇದೆ. ತಂದೆಯ ಜಾಗದಲ್ಲಿ ಅಪ್ಪನ ಹೆಸರಿಲ್ಲ, ನಿಮ್ಮದಿದೆ. ಆಗ ನೀವು ಮುಂಬಯಿಯಲ್ಲಿದ್ದಿರಿ; ಅಮ್ಮ ಹೆರಿಗೆಗೆ ನಿಮ್ಮ ಚಾಳಿನ ಕೋಣೆಯಲ್ಲಿದ್ದಾಗ ಬರೆಸಲು ಹೋದವರು ನೀವೇ. ನಮ್ಮದು ಅಳಿಯಸಂತಾನ, ಮನೆಗೆ ಸೋದರಮಾವನೇ ಯಜಮಾನ ಎಂದು ಅರ್ಧ ಗಂಟೆ ವಿವರಿಸಿದೆ. ಗುಮಾಸ್ತರು ಬೆಳಗಾವಿಯವರು. "ನೀವು ಮಾವ ಅಂತೀರಿ, ಇಲ್ಲೆ ಅಪ್ಪ ಅಂತ ಬರದೈತಿ. ನಿಮ್ಮಪ್ಪ ಯಾರು ಅಂತ ಮನ್ಯಾಗ ಗಟ್ಟಿ ಮಾಡ್ಕೊಂಡು ಬರ್ರಿ" ಎಂದರು. ಅಪ್ಪ ಅಮ್ಮನ ಮದುವೆಯ ದಾಖಲೆಯನ್ನೂ ಕೇಳಿದರು. ಚಪ್ಪರದಲ್ಲಿ ಧಾರೆ ಎರೆದದ್ದಕ್ಕೆ ದಾಖಲೆ ಎಲ್ಲಿಂದ ತರಲಿ?

ನೀವು ತಂದೆಯಲ್ಲ, ಮಾವ ಎಂದು ಉಡುಪಿಯಲ್ಲಿ ಮ್ಯಾಜಿಸ್ಟ್ರೇಟರ ಮುಂದೆ ಅಫಿಡವಿಟ್ ಮಾಡಿಸಿ ಕೂಡಲೇ ಕಳುಹಿಸಿ. ರಾಜೀವಿಯ ಟೀಚರ್ ಟ್ರೈನಿಂಗ್ ಅರ್ಜಿಗೆ ಜೂನ್ ೨೦ ಕೊನೆಯ ದಿನ. ವಯಸ್ಸಿನ ದಾಖಲೆ ಇಲ್ಲದಿದ್ದರೆ ತೆಗೆದುಕೊಳ್ಳುವುದಿಲ್ಲ.

ಇಲ್ಲಿನ ನೀರು ಹಿಡಿಸದೆ ನನಗೆ ನೆಗಡಿ, ಜ್ವರವಿಲ್ಲ.

ಈ ಕಾರ್ಡನ್ನು ಅಂಚೆಯವನು ಓದಿಯೇ ಕೊಡುತ್ತಾನೆ. ಅವನು ಅಪ್ಪನಿಗೆ ಹೇಳುವ ಮೊದಲು ನೀವೇ ಹೇಳಿ.

ದೂಜ