ರುದ್ರವ್ವನ ಪಾಲಿನ ನೆಲ

ಗದಗ, ಫೆಬ್ರವರಿ ೩೦, ೨೨೬೧

ಇನ್ನೂರು ವರ್ಷಗಳ ಹಿಂದೆ ಎಲುಬಿನ ಗುಳಿಗೆ ನುಂಗುತ್ತಿರುವ ನನ್ನ ಹಿರಿಯರಿಗೆ ನೀಲಗಂಗಾಳ ಶರಣು.

ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿಲ್ಲ. ಚಂದ್ರನ ಮೇಲೆ ಹುಟ್ಟಿದ ನಮಗೆ ಇದೆ. ನನ್ನ ಮಾತು ಕೆಲವೆಡೆ ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ಚಂದ್ರನಲ್ಲಿ ಮೈ ಹಗುರ. ಭಾರ ಹೊರದ ಎಲುಬು ಟೊಳ್ಳಾಗುತ್ತದೆ. ಅದಕ್ಕೇ ನಮ್ಮ ಕೇರಿಯಲ್ಲಿ ವಾರಕ್ಕೊಂದು ‘ಬಿಗಿಗುಳಿಗೆ’ ಕೊಡುತ್ತಿದ್ದರು. ನಿಮ್ಮ ಗುಳಿಗೆಯ ಮರಿಮಗಳು ಅದು. ಸೋಮವಾರ ಬೆಳಿಗ್ಗೆ ಅವ್ವ ನನ್ನನ್ನೂ ತಂಗಿ ರುದ್ರವ್ವನನ್ನೂ ಖಾಲಿ ಹೊಟ್ಟೆಯಲ್ಲಿ ಕೂರಿಸಿ, ದೊಡ್ಡ ಲೋಟ ನೀರಿನ ಜೊತೆ ನುಂಗಿಸುತ್ತಿದ್ದಳು. ಆಮೇಲೆ ಅರ್ಧ ಗಂಟೆ ಮಲಗುವಂತಿಲ್ಲ. ಮಲಗಿದರೆ ಗಂಟಲು ಸುಡುತ್ತದೆ. ಎಲುಬು ಗಟ್ಟಿಯಾದವರಿಗೆ ಭೂಮಿಗೆ ಇಳಿಯುವ ಪರವಾನಗಿ ಸಿಗುತ್ತಿತ್ತು. ಇಬ್ಬರಿಗೂ ಅದೊಂದೇ ಆಸೆ.

ಹತ್ತೊಂಬತ್ತರ ವಯಸ್ಸಿನಲ್ಲಿ ರುದ್ರವ್ವನ ಹುಳುಕು ಹಲ್ಲು ಕಿತ್ತರು. ತಿಂಗಳುಗಳಾದರೂ ಗಾಯ ಮಾಯಲಿಲ್ಲ. ಒಸಡಿನೊಳಗೆ ದವಡೆಯ ಎಲುಬು ಬೆಳ್ಳಗೆ ಕಾಣತೊಡಗಿತು. ಗುಳಿಗೆಯ ಅಡ್ಡಪರಿಣಾಮ, ಅಪರೂಪದ್ದು ಎಂದ ವೈದ್ಯರು ಅದನ್ನು ನಿಲ್ಲಿಸಿದರು. ದವಡೆ ಮಾಯುವಷ್ಟರಲ್ಲಿ ಉಳಿದ ಎಲುಬು ಸವೆದಿತ್ತು. ಪರವಾನಗಿ ನನಗೆ ಸಿಕ್ಕಿತು, ಅವಳಿಗಿಲ್ಲ. ಒಂದೇ ಮನೆ, ಒಂದೇ ಗುಳಿಗೆ. ನನಗೆ ಒಗ್ಗಿದ್ದು ಅವಳಿಗೇಕೆ ಒಗ್ಗಲಿಲ್ಲವೆಂದು ಯಾರೂ ಹೇಳಲಾರದೆ ಹೋದರು.

ನಾನು ಹೊರಡುವುದಿಲ್ಲವೆಂದು ಕುಳಿತೆ. ಅವಳೇ ನನ್ನ ಬಟ್ಟೆ ಮಡಚಿಟ್ಟಳು. “ನೀನೂ ಇಲ್ಲೇ ಕುಂತ್ರ ನನ್ನ ಎಲುಬು ಗಟ್ಟಿ ಆಗ್ತಾವೇನಕ್ಕಾ? ಹೋಗು,” ಎಂದಳು.

ಭೂಮಿಯ ಮೇಲೆ ಮೊದಲ ದಿನ ಮೈ ಮೇಲೆ ಮೂಟೆ ಹೇರಿದಂತಿತ್ತು. ಆದರೂ ಕಾಲು ತಡೆದುಕೊಂಡವು. ಎರೆಮಣ್ಣಿನಲ್ಲಿ ಹೆಜ್ಜೆ ಇಟ್ಟಾಗಲೆಲ್ಲ ಅವಳ ಪಾಲಿನ ನೆಲ ತುಳಿದಂತೆನಿಸುತ್ತಿತ್ತು. ಒಂದು ಮಧ್ಯಾಹ್ನ ಕಟಕಟ ಎನ್ನುವ ಖಟಿ ರೊಟ್ಟಿ ತಿನ್ನುತ್ತಿದ್ದಾಗ ಅವಳ ಕರೆ ಬಂತು. ದವಡೆ ಮಾಯ್ದರೂ ಗಟ್ಟಿಯದನ್ನು ಅಗಿಯಲಾಗದ ಅವಳಿಗೆ ಇಂದಿಗೂ ಗಂಜಿಯೇ ಗತಿ. ಏನು ಉಣ್ಣುತ್ತಿದ್ದೀ ಎಂದು ಕೇಳಿದಾಗ ಅನ್ನ ಎಂದೆ. ಚಂದ್ರನಿಂದ ದನಿ ಬರಬೇಕಲ್ಲ, ಉತ್ತರ ಎಂದಿನಂತೆ ಒಂದುಸಿರು ತಡವಾಗಿ ಬಂತು.

“ಸುಳ್ಳು ಹೇಳಬ್ಯಾಡ. ಸಪ್ಪಳ ಕೇಳಸ್ತದ. ಇನ್ನೊಂದ್ ತುತ್ತು ತಿನ್ನು, ಕೇಳ್ತೇನಿ.”

ತಿಂದೆ. ಅವಳಿಗೆ ಕೇಳಲೆಂದು ಜೋರಾಗಿ ಅಗಿದೆ.

ಹೆದರಿ ಗುಳಿಗೆ ಬಿಡಬೇಡಿ. ನಾನು ನಿಂತಿರುವುದು ಅದರಿಂದಲೇ. ಆದರೆ ಶುರು ಮಾಡುವ ಮೊದಲು ಹಲ್ಲು ತೋರಿಸಿಕೊಳ್ಳಿ. ಅಪರೂಪಕ್ಕೆ ಈ ಗುಳಿಗೆಯಿಂದ ತೊಡೆಯೆಲುಬು ಬಿರಿಯುವುದೂ ಉಂಟು; ತೊಡೆ ಸುಮ್ಮಸುಮ್ಮನೆ ನೋಯತೊಡಗಿದರೆ ಮುಚ್ಚಿಡದೆ ವೈದ್ಯರಿಗೆ ಹೇಳಿ. ಒಗ್ಗದವರ ಮುಂದೆ ನಿಮ್ಮ ಗಟ್ಟಿತನವನ್ನು ಸ್ವಂತ ಗಳಿಕೆಯಂತೆ ಮೆರೆಸಬೇಡಿ.

ನಿಮ್ಮ ಹುಣ್ಣಿಮೆಯಲ್ಲಿ ಇನ್ನೂ ಯಾರೂ ಇಲ್ಲ. ನನ್ನದರಲ್ಲಿ ತಂಗಿ ಇದ್ದಾಳೆ. ತಲೆ ಎತ್ತಿ ನೋಡಲು ನಾಚಿಕೆ; ಆದರೂ ಅಂಗಳಕ್ಕೆ ಹೋಗಿ ನಿಲ್ಲುತ್ತೇನೆ.