ಗುಂಯ್ ನಿಲ್ಲಿಸುವ ಪೆಟ್ಟಿಗೆ

ಮಾರ್ಚ್ 3, ಬೆಳಿಗ್ಗೆ

ಇವತ್ತೂ ಅದೇ. ಅಣ್ಣ ಆಂಪ್ಲಿಫೈಯರ್ ಆನ್ ಮಾಡಿದ, ತಲೆ ವಾರೆ ಮಾಡಿ ಕೇಳಿದ, ಆಫ್ ಮಾಡಿದ. "ಗುಂಯ್ ಅಂತಿದೆ. ಇದರಲ್ಲಿ ಕೆಲಸ ಆಗಲ್ಲ." ಮತ್ತೆ ಗೋಡೆ ಕಡೆ ತಿರುಗಿ ಕೂತ. ಟೀ ಆರಿತು.

ಹಾಡಿನ ಟೀಚರ್ ತಮ್ಮ ಗುಂಪಿನ ರೆಕಾರ್ಡಿಂಗ್ ಕೊಟ್ಟುಹೋಗಿ ವಾರವಾಯಿತು. ಯಾವ ದನಿ ಏರಬೇಕು, ಯಾವುದು ಇಳಿಯಬೇಕು ಎಂದು ಕೇಳಿ ಹದ ಮಾಡಿಕೊಡಬೇಕು. ತಿಂಗಳ ಕೊನೆಗೆ ಬೇಕಂತೆ. ಕಣ್ಣು ಹೋದ ಮೇಲೆ ಅಣ್ಣನಿಗೆ ಬಂದ ಮೊದಲ ಕೆಲಸ. ಊರಿನ ಹಾಲ್‌ಗಳಲ್ಲೆಲ್ಲ ಸೌಂಡ್ ನೋಡಿಕೊಳ್ಳುತ್ತಿದ್ದವನು — ಈಗ ಕುರ್ಚಿ ಬಿಟ್ಟು ಏಳುವುದಿಲ್ಲ. ಇದೂ ಕೈತಪ್ಪಿದರೆ ಇನ್ನು ಏನನ್ನೂ ಮುಟ್ಟುವುದಿಲ್ಲ. ನನಗೆ ಗೊತ್ತು, ನಾನು ಅವನ ತಂಗಿ.

ಆ ಗುಂಯ್ ಹೋಗಬೇಕು. ಹೋಗಲಾಡಿಸಿಯೇ ತೀರುತ್ತೇನೆ.

ಸಂಜೆ

ಆಡಿಯೋ ಅಂಗಡಿಯವರನ್ನು ಕೇಳಿದೆ. ಕರೆಂಟಿನಲ್ಲಿ ಕೊಳೆ ಇರುತ್ತದಂತೆ. ಅದನ್ನು ಸೋಸುವ ಪೆಟ್ಟಿಗೆಗೆ ಪವರ್ ಕಂಡೀಷನರ್ ಎಂದು ಹೆಸರು. ಗೋಡೆಯ ಸಾಕೆಟ್ಟಿಗೂ ಸಿಸ್ಟಮ್ಮಿಗೂ ನಡುವೆ ಕೂರುತ್ತದೆ. "ಮನೇಲಿ ಹಾಕಿ ಕೇಳಿ ನೋಡಿ ಮೇಡಂ, ಹಿಡಿಸಿದ್ರೆ ತಗೊಳ್ಳಿ" ಎಂದರು. ನಮ್ಮ ಮೆಡಿಕಲ್ ಶಾಪಿನಲ್ಲಿ ಹೀಗೆ ಮಾತ್ರೆ ಕೊಟ್ಟರೆ ಕಥೆ ಮುಗಿದಂತೆ!

ಅತ್ತಿಗೆಗೆ ಫೋನಿನಲ್ಲಿ "ನಾಳೆ ಕಂಡೀಷನರ್ ತರ್ತೀನಿ" ಎಂದೆ. ಅಷ್ಟೇ ಹೇಳಿದ್ದು.

ಮಾರ್ಚ್ 4

ಮನೆ ಹೊಕ್ಕರೆ — ಅತ್ತಿಗೆ ಕಿಟಕಿಗಳನ್ನೆಲ್ಲ ಮುಚ್ಚಿ, ಸಂದುಗಳಿಗೆ ಹಳೇ ಬಟ್ಟೆ ತುರುಕಿ, ಬೆವರು ಒರೆಸಿಕೊಳ್ಳುತ್ತಾ ಕೂತಿದ್ದಾರೆ. ಪಕ್ಕದ ಮನೆಯವರೂ ಹಾಜರು, ತಂಪು ಗಾಳಿ ತಗೊಳ್ಳೋಕೆ. ನನ್ನ ಕೈಯಲ್ಲಿದ್ದುದನ್ನು ನೋಡಿ ಅತ್ತಿಗೆ, "ಏಸಿ ಇಷ್ಟು ಚಿಕ್ಕದೂ ಬರುತ್ತೇನೇ?"

ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು. ಗೋಡೆ ಕಡೆಯಿಂದ ಅಣ್ಣನೂ ಕಿಸಕ್ಕೆಂದ. ಅವನ ನಗು ಕೇಳಿ ಎಷ್ಟು ದಿನವಾಗಿತ್ತೋ.

ಹಾಕಿದೆವು. ಗುಂಯ್ ಇದ್ದಲ್ಲೇ ಇದೆ. ಮೇಲಿಂದ, ಹಳೇ ಹಾಡೊಂದನ್ನು ಹಾಕಿ ಕೇಳಿ ಅಣ್ಣ ಅಂದ — "ಡ್ರಮ್ ಸತ್ತುಹೋಯ್ತು. ಆಂಪ್ಲಿಫೈಯರ್‌ಗೆ ಬೇಕಾದಷ್ಟು ಕರೆಂಟ್ ಬಿಡ್ತಿಲ್ಲ ಇದು." ರೋಗ ಹಾಗೇ, ಸೈಡ್ ಎಫೆಕ್ಟ್ ಬೇರೆ. ವಾಪಸ್.

ಮಾರ್ಚ್ 9

ಎರಡನೆಯದು ತಂದೆ. ನಮ್ಮ ಬಿಲ್ಡಿಂಗಿನ ಲಿಫ್ಟ್ ಹೊರಟಾಗಲೆಲ್ಲ ಸ್ಪೀಕರಿನಲ್ಲಿ ಟಪ್ ಎನ್ನುತ್ತಿತ್ತಲ್ಲ, ಅದು ಮಾಯ! ಡ್ರಮ್ಮೂ ಬದುಕಿದೆ. ನಾನು ಕುಣಿಯುವುದೊಂದು ಬಾಕಿ.

"ಗುಂಯ್ ಇದೆಯಲ್ಲ" ಎಂದ ಅಣ್ಣ.

ಇದೆ. ನನಗೂ ಕೇಳುತ್ತದೆ. ಸಣ್ಣಗೆ, ಬಿಡದೆ.

"ಟೀಚರ್‌ಗೆ ಫೋನ್ ಮಾಡು. ಬೇರೆಯವರ ಹತ್ರ ಮಾಡಿಸ್ಕೊಳ್ಳಿ ಅಂತ ಹೇಳು."

"ಹೇಳಲ್ಲ."

"ಅದೇನೇ ಹಟ ನಿಂದು?"

"ನಿನ್ನ ತಂಗಿ ಅಲ್ವಾ, ಅದಕ್ಕೆ."

ಮಾರ್ಚ್ 11

ಟೀಚರೇ ಫೋನ್ ಮಾಡಿದರು. "ಸರ್ ಕೇಳಿದ್ರಾ?" ಕೇಳ್ತಾ ಇದ್ದಾರೆ ಎಂದು ಸುಳ್ಳು ಬಿಟ್ಟೆ. ಆಮೇಲೆ ಕೆಮ್ಮಿನ ಔಷಧಿ ಕೇಳಿದವರಿಗೆ ಹೊಟ್ಟೆನೋವಿನದು ಕೊಡುವುದರಲ್ಲಿದ್ದೆ. ಇನ್ನು ಮುಂದಿನದು ಆಡಿಯೋ ಅಂಗಡಿಯ ದೊಡ್ಡ ಪೆಟ್ಟಿಗೆಯೇ.

ಮಾರ್ಚ್ 17

ಮೆಡಿಕಲ್ ಶಾಪಿನ ಸ್ಟೋರ್ ರೂಮಿನಲ್ಲಿ ಕೂತು ಬರೆಯುತ್ತಿದ್ದೇನೆ.

ಬೆಳಿಗ್ಗೆ ಮೂರನೆಯದನ್ನು ಇಬ್ಬರು ಹೊತ್ತು ತಂದು ಬಾಗಿಲಲ್ಲಿಟ್ಟು ಹೋದರು. ಒಳಗೆ ಜಾಗವಿಲ್ಲ, ಟಿವಿ ಸ್ಟ್ಯಾಂಡ್ ಸರಿಸಬೇಕು. ಟಿವಿ ಸದ್ದೂ ಇದೇ ಸ್ಪೀಕರಿಗೆ ಬರಲಿ ಎಂದು ಅಣ್ಣನೇ ಹಿಂದೆ ಜೋಡಿಸಿದ್ದ; ಅಲ್ಲಿ ವೈರುಗಳ ಸಿಕ್ಕು. ಸಿಸ್ಟಮ್ ಆನ್ ಇತ್ತು. ಅತ್ತಿಗೆ ಬಗ್ಗಿ ಗೋಡೆಯಿಂದ ಒಂದು ವೈರು ಕಿತ್ತರು.

ಗುಂಯ್ ನಿಂತಿತು.

ಅಣ್ಣ ತಟ್ಟನೆ, "ಟಿವಿ ಕೇಬಲ್ ಯಾಕೆ ಕಿತ್ತೆ? ಮತ್ತೆ ಹಾಕು."

"ಆಯ್ತು ರೀ" ಎಂದು ಹಾಕಿದರು. ಗುಂಯ್ ಬಂತು.

ನಿಂತಲ್ಲೇ ನಿಂತೆ. ಅತ್ತಿಗೆ ಕಿತ್ತದ್ದು ಟಿವಿ ಕೇಬಲ್ ಎಂದು ಅವನಿಗೆ ಯಾರು ಹೇಳಿದರು? ಯಾರೂ ಬಾಯಿ ಬಿಟ್ಟಿರಲಿಲ್ಲ. ನೋಡೋಣವೆಂದರೆ ಅವನಿಗೆ...

"ನಿಂಗೆ ಗೊತ್ತಿತ್ತು" ಎಂದೆ.

ಅಣ್ಣ ಗೋಡೆ ಕಡೆ ತಿರುಗಿದ.

"ಗುಂಯ್ ಕೇಬಲ್‌ನಿಂದ ಬರ್ತಿದೆ ಅಂತ ಮೊದಲಿಂದ ಗೊತ್ತಿತ್ತು! ನಾನಿಲ್ಲಿ ಪೆಟ್ಟಿಗೆ ಹೊತ್ತು ಹೊತ್ತು ಸೊಂಟ ಮುರ್ಕೊಂಡೆ!"

ಸಿಟ್ಟು ನೆತ್ತಿಗೇರಿತು. ಬಾಯಿಗೆ ಬಂದದ್ದೆಲ್ಲ ಅಂದೆ. ಸಾಕು ಎಂದು ಅತ್ತಿಗೆ ಕೈಸನ್ನೆ ಮಾಡಿದರೂ ಬಿಡಲಿಲ್ಲ. ಕೊನೆಗೆ ಅಣ್ಣ ಮೆತ್ತಗೆ ಹೇಳಿದ —

"ದನಿ ಎಷ್ಟಿದೆ ಅಂತ ಮೀಟರ್ ಮುಳ್ಳು ನೋಡ್ಕೊಂಡು ಕೆಲಸ ಮಾಡಿದೋನು ನಾನು. ಗುಂಯ್ ಇದ್ರೆ ತಪ್ಪನ್ನ ಗುಂಯ್ ಮೇಲೆ ಹಾಕಬಹುದು. ಅದು ಹೋದ ಮೇಲೂ ಕೈಲಾಗಲಿಲ್ಲ ಅಂದ್ರೆ?"

ಅಳು ಬಂತು. ಸಿಟ್ಟೂ ಇತ್ತು. ಇಷ್ಟು ದಿನ ಆ ಹೆದರಿಕೆಯನ್ನು ಒಬ್ಬನೇ ಇಟ್ಟುಕೊಂಡು ಕೂತಿದ್ದನಲ್ಲ, ಪಾಪಿ.

"ಆಗದಿದ್ರೆ ಆಗ್ಲಿಲ್ಲ ಅಂತ ಟೀಚರ್‌ಗೆ ನೀನೇ ಹೇಳು. ಆದ್ರೆ ಕೇಳದೇ ಹೇಳೋ ಹಾಗಿಲ್ಲ."

ಕೇಬಲ್ ಎರಡೂ ತುದಿ ಕಿತ್ತು ಬ್ಯಾಗಿಗೆ ತುರುಕಿಕೊಂಡು ಡ್ಯೂಟಿಗೆ ಬಂದುಬಿಟ್ಟೆ. ಅತ್ತಿಗೆಯ ಧಾರಾವಾಹಿಗೂ ಕಲ್ಲು ಬಿತ್ತು. "ಹೋಗ್ಲಿ ಬಿಡು, ಅದರಲ್ಲೂ ಬರೀ ಜಗಳಾನೇ" ಎಂದರು.

ಮಾರ್ಚ್ 18

ಅಣ್ಣ ಸಿಸ್ಟಮ್ ಮುಟ್ಟಿಲ್ಲ. ನನ್ನ ಜೊತೆ ಮಾತೂ ಇಲ್ಲ. ದೊಡ್ಡ ಪೆಟ್ಟಿಗೆ ಬಾಗಿಲಲ್ಲೇ ಇದೆ, ಹೋಗುವವರು ಬರುವವರೆಲ್ಲ ಎಡವುತ್ತಿದ್ದಾರೆ. ನಾನೂ ಸೋಲಲ್ಲ.

ಮಾರ್ಚ್ 21

ಊಟಕ್ಕೆ ಕೂತಾಗ ಅಣ್ಣನೇ ಮಾತು ತೆಗೆದ. "ಆ ಗುಂಡುಕಲ್ಲು ವಾಪಸ್ ಕೊಟ್ಬಿಡು. ಎರಡನೇದೇ ಸಾಕು. ಲಿಫ್ಟ್ ಸದ್ದು ತಡೆಯುತ್ತೆ, ದನಿ ಹಿಂಡಲ್ಲ. ಹಾಡೋರ ಕೊನೆ ಅಕ್ಷರಾನೂ ಪೂರ್ತಿ ಬರ್ತಿದೆ."

ಹಾಡೋರ ಕೊನೆ ಅಕ್ಷರ! ಅಂದರೆ ರೆಕಾರ್ಡಿಂಗ್ ಕೇಳಿದ್ದಾನೆ. ನಾನಿಲ್ಲದಾಗ. ಅತ್ತಿಗೆಯ ಕಡೆ ನೋಡಿದೆ. ಅವರು ತಟ್ಟೆ ನೋಡುತ್ತಾ ನಗುತ್ತಿದ್ದರು. ಸಂಜೆ ಅಂಗಡಿಗೆ ಹೋಗಿ ಎರಡನೆಯದಕ್ಕೆ ಬಿಲ್ ಮಾಡಿಸಿದೆ. ದೊಡ್ಡದನ್ನು ಬಿಚ್ಚಲೂ ಇಲ್ಲವೆಂದು ಅಂಗಡಿಯವರು ಮುಖ ಸಣ್ಣ ಮಾಡಿಕೊಂಡರು.

ಮಾರ್ಚ್ 23, ಸಂಜೆ

ಕುರ್ಚಿ ಸ್ಪೀಕರ್ ಕಡೆ ತಿರುಗಿದೆ. ಅಣ್ಣ ಒಂದೇ ಸಾಲನ್ನು ಮತ್ತೆ ಮತ್ತೆ ಹಾಕುತ್ತಿದ್ದಾನೆ. ಬೆರಳು ಗುಂಡಿಗಳನ್ನು ತಡಕುತ್ತಿದೆ. ತಪ್ಪಾಗಿ ಯಾವುದನ್ನೋ ತಿರುಗಿಸಿ ತನಗೆ ತಾನೇ ಬೈದುಕೊಂಡ. ಹೋಗಿ ತೋರಿಸಲೇ? ಬೇಡ. ಅಡುಗೆಮನೆಯಲ್ಲೇ ಇರುತ್ತೇನೆ. ಮಿಕ್ಸಿ ಹಾಕಲು ಹೋದ ಅತ್ತಿಗೆ ಸ್ವಿಚ್ಚಿನಿಂದ ಕೈ ತೆಗೆದರು.

ಹಾಡು ನಿಂತಿತು. ಬಿಟ್ಟುಬಿಟ್ಟನೇ? ದೇವರೇ... ಅತ್ತಿಗೆ ನನ್ನ ಮುಖ ನೋಡುತ್ತಿದ್ದಾರೆ.

"ಏಯ್! ಪೆನ್ನಿನ ಸದ್ದು ಇಲ್ಲಿಗೂ ಬರ್ತಿದೆ, ಅದೇನು ಗೀಚ್ತಾ ಇದ್ದೀಯಾ? ಬಾ ಇಲ್ಲಿ. ಟೀಚರ್‌ಗೆ ಫೋನ್ ಮಾಡು. ಎಡಗಡೆ ಕೊನೇಲಿ ನಿಂತಿರೋಳು ಹಾಡ್ತಾನೇ ಇಲ್ಲ, ಬರೀ ಉಸಿರು ಬಿಡ್ತಿದ್ದಾಳೆ! ಯಾರವಳು ಅಂತ—"

ಬಂದೆ, ಬಂದೆ! ಅಬ್ಬಾ, ಕಿರುಚಾಟ ನೋಡು, ಹಾಲ್‌ನಲ್ಲಿ ತನ್ನ ಕೈಕೆಳಗಿನ ಹುಡುಗರ ಮೇಲೆ ಹೀಗೇ ಕೂಗಾಡುತ್ತಿದ್ದ—